ಅಕ್ಕುಬಾಯಿ ಬಂದಳು

೨೦೧೧ರ ಅಕ್ಟೋಬರ್. ತೆಲುಗರ ರಾಜಧಾನಿಯಲ್ಲಿ, ಅಮೀರ್‌ಪೇಟ್‌ನ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಂದು ಬೆಳಗ್ಗೆ ಉಪ್ಪಿಟ್ಟು ತಳ ಹಿಡಿಯಿತು. ಅಡುಗೆಯ ಗುರುಬಾಯಿಗೆ ಹನ್ನೊಂದು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಪಕ್ಕದ ಊಟದ ಹಾಲ್‌ನಲ್ಲಿ ನಲವತ್ತು ಹುಡುಗಿಯರು ನೆಲದ ಮೇಲೆ ಕೂತು ಕೂಗುತ್ತಿದ್ದರೆ ಯಾರಿಗೆ ತಾನೇ ಒಲೆಯ ಮೇಲೆ ಗಮನವಿರುತ್ತದೆ?

ಆ ಹಾಲ್ ಅನ್ನು ಮಾಲೀಕ ಕಂಪ್ಯೂಟರ್ ಕೋಚಿಂಗಿನವರಿಗೆ ಕೊಡಲು ಹೊರಟಿದ್ದ. ಹುಡುಗಿಯರು ಇನ್ನು ಮೆಟ್ಟಿಲ ಮೇಲೆ ಉಣ್ಣಬೇಕು. ಗುಲ್ಬರ್ಗಾದ ಶಾಮಲಾ ಪೇಪರ್ ಓದಿ ಹೇಳಿದ್ದಳು: ನ್ಯೂಯಾರ್ಕಿನಲ್ಲಿ ಜನ ಒಂದು ಪಾರ್ಕಿನಲ್ಲಿ ಕೂತುಬಿಟ್ಟಿದ್ದಾರೆ, ಏಳುವುದೇ ಇಲ್ಲ. ಅವರ ಕೂಗನ್ನೇ ಇವರೂ ಎತ್ತಿಕೊಂಡಿದ್ದರು.

"ಆಕ್ಯುಪೈ! ಆಕ್ಯುಪೈ!"

ಬೀದರ್ ಕಡೆಯ ಗುರುಬಾಯಿಯ ಕಿವಿಗೆ ಅದು ಹೆಂಗಸಿನ ಹೆಸರಾಗಿ ಬಿತ್ತು. ಯಾರೋ ಭಾರೀ ಗಟ್ಟಿಗಿತ್ತಿಯೇ ಇರಬೇಕು! ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರ ನಡುವೆ ಕೂತು ತಾನೂ ಕೂಗಿದಳು.

"ಅಕ್ಕುಬಾಯಿ! ಅಕ್ಕುಬಾಯಿ!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಎಲ್ಲರ ಬಾಯಲ್ಲೂ ಅಕ್ಕುಬಾಯಿಯೇ.

ಮಾಲೀಕ ಓಡಿಬಂದ. "ಯಾರದು ಅಕ್ಕುಬಾಯಿ?"

ವಾರ್ಡನ್ ಸಾವಿತ್ರಿಬಾಯಿ ರಿಜಿಸ್ಟರನ್ನು ಎರಡು ಸಲ ತಿರುವಿದರು. "ಆ ಹೆಸರಿನವ್ರು ನಮ್ಮಲ್ಲಿ ಇಲ್ಲರಿ."

ಮಾಲೀಕನ ಮುಖ ಇಳಿಯಿತು. ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ಮುಷ್ಕರದಿಂದ ಊರಿನ ಬಸ್ಸುಗಳೇ ನಿಂತಿದ್ದ ದಿನಗಳವು. ಹಾಗಾದರೆ ಹೊರಗಿನ ಮುಂದಾಳು!

"ಯಾವಾಗ ಬರ್ತಾಳೆ ಆಕೆ?"

"ಬಂದಾಗೇತಿರಿ," ಎಂದಳು ಗುರುಬಾಯಿ.

ಮಧ್ಯಾಹ್ನದ ಹೊತ್ತಿಗೆ ಅವನು ಸೋತ. ಕೋಚಿಂಗಿಗೆ ತಾರಸಿಯ ಕೋಣೆ, ಊಟದ ಹಾಲ್ ಹುಡುಗಿಯರಿಗೇ. ಅವರು ಗುರುಬಾಯಿಯನ್ನು ಎತ್ತಿಕೊಂಡು ಕುಣಿದರು. ಕೆಳಗಿಳಿಸಿದ ಮೇಲೆ ಶಾಮಲಾ ಆ ಮಾತಿನ ನಿಜವಾದ ಅರ್ಥ ಹೇಳಿದಳು: ಜಾಗ ಹಿಡಿದು ಕೂಡುವುದು, ಅಷ್ಟೇ.

"ಅಯ್ಯ, ಧರಣಿ ಅಲ್ಲೇನ ಅದು? ನಮ್ಮವ್ವ ಬಾವಿ ಸಲುವಾಗಿ ತಹಸೀಲ್ದಾರ್ ಕಚೇರಿ ಮುಂದ ಮೂರು ದಿನ ಕುಂತಿದ್ಲು. ಇಷ್ಟಕ್ಕ ಅಮೆರಿಕಾಕ್ಕ ಹೋಗಬೇಕಿತ್ತೇನವಾ?"

"ಹಂಗಾರ ಆ ಹೆಸರು ಬಿಡೂಣೇನು, ಮೌಸಿ?"

"ಬ್ಯಾಡ, ಇರ್ಲಿ. ಛಲೋ ಹೆಣಮಗಳು ಆಕಿ."

ವಾರದೊಳಗೆ ಪಕ್ಕದ ಗಲ್ಲಿಯ ಹಾಸ್ಟೆಲಿನಿಂದ ಮೂವರು ತೆಲುಗು ಹುಡುಗಿಯರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರಲ್ಲಿ ನಾಲ್ಕು ದಿನದಿಂದ ನೀರಿಲ್ಲ. ಅಕ್ಕುಬಾಯಿಯವರನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡುತ್ತೀರಾ, ಎಂದು ಕೇಳಿದರು.

ಗುರುಬಾಯಿ ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡಳು.