ಕೇಳಿಸಲಿಲ್ಲರೀ ಸಾಹೇಬ್ರ

"ಏ ಕಾಡಿ, ಕೈ ಹ್ಯಾಂಗೈತಿಬೇ? ಕುಂಡಿ ತೊಳಕೊಳ್ಳಾಕರ ಬರತೈತಿಲ್ಲೋ?"

ಖಾನಾಪುರ ಬಸ್‌ಸ್ಟ್ಯಾಂಡಿನ ಎದುರು ತೆರೆದ ಜೀಪಿನಲ್ಲಿ ನಿಂತು ಹೀಗೆ ಕೂಗಿದವನು ಇಟ್ಟಂಗಿ ಭಟ್ಟಿಯ ಮಾಲೀಕ ಗಜಾನನ. ಮುಖಕ್ಕೆಲ್ಲ ಗುಲಾಲು, ಕೊರಳಲ್ಲಿ ಚೆಂಡುಹೂವಿನ ಹಾರ. ಜೀಪಿನ ಮುಂದೆ ಅವನ ಮಂದಿ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದ್ದರು. ತಲೆಯ ಮೇಲೆ ಪಲ್ಲೆಯ ಬುಟ್ಟಿ ಹೊತ್ತು ನಿಂತಿದ್ದ ಕಾಡವ್ವನಿಗೆ ಹೊಗೆಯೊಳಗೆ ಕಂಡ ಆ ಮುಖ ಖರೆಯೋ ಸುಳ್ಳೋ ತಿಳಿಯಲಿಲ್ಲ. ಅವನು ಹಿಂಡಲಗಾ ಜೈಲಿನಲ್ಲಿದ್ದಾನೆ ಎಂದೇ ಅವಳು ತಿಳಿದಿದ್ದಳು.

ಬೇಸಿಗೆಯಲ್ಲಿ ನಡೆದದ್ದು. ಭಟ್ಟಿ ಇನ್ನೂ ಆರಿರಲಿಲ್ಲ. ಲಾರಿ ಬಂದು ನಿಂತಿದೆ, ಇಟ್ಟಂಗಿ ತುಂಬಿರಿ ಎಂದು ಗಜಾನನ ಹಾರಾಡುತ್ತಿದ್ದ. "ಸುಡತಾವ್ರಿ ಮಾಲಕ್ರ, ನಾಳಿ ಹೊರತೇವಿ" ಎಂದಳು ಕಾಡವ್ವ. ಜಾತಿ ಹಿಡಿದು ಬೈದ ಗಜಾನನ. ಅವನ ಮಗ ರೋಹನ ಹಿಂದಿನಿಂದ ಬಂದು ಅವಳ ತೋಳುಗಳನ್ನು ಬಿಗಿಹಿಡಿದ. ಅಪ್ಪ ಅವಳ ಬಲಗೈಯನ್ನು ಭಟ್ಟಿಯೊಳಗಿನ ಇಟ್ಟಂಗಿಯ ಮೇಲೆ ಒತ್ತಿ ಹಿಡಿದ. "ಸುಡತೈತೇನು? ಈಗ ಹೇಳಬೇ, ಸುಡತೈತೇನು?" ಕೈ ಬಿಡಿಸಿಕೊಂಡಾಗ ಅಂಗೈಯ ಚರ್ಮ ಇಟ್ಟಂಗಿಗೇ ಅಂಟಿ ಉಳಿದಿತ್ತು. ಕೇಸಾಯಿತು, ಅಪ್ಪ ಮಗ ಇಬ್ಬರೂ ಒಳಗೆ ಹೋದರು. ಆಮೇಲೆ ಸುತ್ತಲಿನ ಯಾವ ಭಟ್ಟಿಯೂ ಕಾಡವ್ವನನ್ನು ಕೆಲಸಕ್ಕೆ ಕರೆಯಲಿಲ್ಲ. ಮಡಚಲು ಬಾರದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯಲ್ಲಿ ಪಲ್ಲೆಯ ಸಿವುಡು ಎತ್ತಿಕೊಡುವುದನ್ನು ಕಲಿತಳು.

"ಬೇಲ್ ಆಗೇತಿ. ತಗೋ, ಕುಂದಾ ತಿನ್ನು. ಇದು ಸುಡೂದಿಲ್ಲ!" ಗಜಾನನ ಕುಂದಾದ ಪೊಟ್ಟಣ ಎಸೆದ. ಅದು ಬಂದು ಸಬ್ಬಸಗಿಯ ಮೇಲೆ ಬಿತ್ತು. ಜೀಪು ಕಿರಿಚುತ್ತ ಹೋಯಿತು. ಕಾಡವ್ವ ಬುಟ್ಟಿ ಕೆಳಗಿಳಿಸಿದಳು. ಅವಳ ನೆಗೆಣ್ಣಿ ಚಂದ್ರವ್ವ ಪೊಟ್ಟಣ ಎತ್ತಿಕೊಂಡು ಬಿಚ್ಚಿ, ಒಂದು ತುಂಡು ಬಾಯಿಗೆ ಹಾಕಿಕೊಂಡಳು.

"ಏ, ನಾಚಿಗ್ಗೇಡಿ, ಅವ ಒಗದಿದ್ದು ತಿಂತಿಯೇನ?"

"ಹಾಟ್ಯಾನ ಮ್ಯಾಲೆ ಸಿಟ್ಟು, ಕುಂದಾದ ಮ್ಯಾಲೆ ಎದಕ?" ಎಂದು ಚಪ್ಪರಿಸಿದಳು ಚಂದ್ರವ್ವ. "ನಾಳಿ ಬೆಳಗಾವಿಗೆ ಹೋಗಿ ಸರ್ಕಾರಿ ವಕೀಲ್ರನ್ನ ಕೇಳೂಣು ನಡಿ. ಇವ ಹೊರಗ ಬಂದಿದ್ದು ನಮಗ ಯಾರೂ ಯಾಕ ಹೇಳಲಿಲ್ಲ ಅಂತ."

ಸರ್ಕಾರಿ ವಕೀಲ ಪ್ರಸಾದ ಸಾಹೇಬರು ತಮ್ಮ ಕೋಣೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದರು. ಬಾಗಿಲಲ್ಲಿ ಗುಮಾಸ್ತ ಗುರುಸಿದ್ದ ಕೈ ಅಡ್ಡ ಹಿಡಿದ. "ಏಯ್, ಅಲ್ಲೇ. ಹೊಸ್ತಿಲದ ಹೊರಗ ನಿಂತು ಮಾತಾಡ್ರಿ."

ಕಾಡವ್ವ ಹೊರಗಿನಿಂದಲೇ ಕತ್ತು ಚಾಚಿದಳು. "ಸಾಹೇಬ್ರ, ಖಾನಾಪುರ ಭಟ್ಟಿ ಮಾಲಕ್ರು ಹೊರಗ ಬಂದಾರ್ರೀ."

"ಹೌದು. ಬೇಲ್ ಆಗೇತಿ."

"ನನಗ ಯಾರೂ ಹೇಳಲಿಲ್ಲಲ್ರಿ?"

"ನಿನಗ್ಯಾಕ ಹೇಳಬೇಕು? ನೀ ಯಾರು?"

ಕಾಡವ್ವ ಸೆರಗು ಸರಿಸಿ ಕೈ ತೋರಿಸಿದಳು. ಸಾಹೇಬರು ಮುಖ ಕಿವುಚಿ ಬಾಳೆಹಣ್ಣನ್ನು ಕೆಳಗಿಟ್ಟರು.

"ಗೊತ್ತಾತು, ಮುಚ್ಚು. ನೋಡವಾ, ಕೇಸು ನಿಂದಲ್ಲ, ಸರ್ಕಾರದ್ದು. ನೀ ಬರೇ ಸಾಕ್ಷಿ. ನಿನ್ನ ಪಾಳಿ ಬಂದಾಗ ಪೊಲೀಸ್ರು ಹೇಳಿ ಕಳಸ್ತಾರ. ಅಲ್ಲೀ ತನಕ ಮನ್ಯಾಗ ಸುಮ್ಮನ ಬಿದ್ದಿರು."

ಚಂದ್ರವ್ವನಿಗೆ ತಡೆಯಲಾಗಲಿಲ್ಲ. "ಕೇಸು ಸರ್ಕಾರದ್ದಾದರ ಮತ್ತ ಸರ್ಕಾರದ ಕೈಯೇ ಸುಡಬೇಕಿತ್ತಲ್ರಿ! ಇಕಿದ್ಯಾಕ ಸುಟ್ಟ್ರು?"

ಹೊರಗೆ ಸಾಲಾಗಿ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ಗುರುಸಿದ್ದ ಕೆಂಪಾದ. "ಎದ್ದು ನಡೀರಿ ಬೋಸುಡೇರ್ಯಾ! ಇದೇನು ನಿಮ್ಮ ಕೇರಿ ಕಟ್ಟಿ ಅಂತ ತಿಳದೀರೇನು? ದೊಡ್ಡವರ ಮುಂದ ಬಾಯಿ ಮಾಡ್ತಾರ!" ಕಾಡವ್ವನ ರಟ್ಟೆ ಹಿಡಿದು ಮೆಟ್ಟಿಲವರೆಗೂ ದಬ್ಬಿದ. ಅವಳ ಚಪ್ಪಲಿ ಒಂದು ಮೇಲೆ ಉಳಿಯಿತು, ಒಂದು ಕೆಳಗೆ ಉರುಳಿತು.

ಕೋರ್ಟಿನ ಗೇಟಿನ ಬಾಜು ಚಹಾದ ಗಾಡಿ ಇಟ್ಟಿದ್ದ ಸಿದ್ದಕ್ಕ ಎಲ್ಲವನ್ನೂ ನೋಡಿದ್ದಳು. ಕರೆದು ಕೂರಿಸಿ, ಕೇಳದೆಯೇ ಎರಡು ಕಪ್ಪು ಚಹಾ ಕೊಟ್ಟಳು.

"ಖಾನಾಪುರ ಭಟ್ಟಿ ಕೇಸಿನವ್ರೇನ್ರಿ? ಮಗಂದು ನಾಳೆ ಐತ್ಯಲ್ರಿ."

ಕಾಡವ್ವ ಕಪ್ಪನ್ನು ತುಟಿಯ ಹತ್ತಿರವೇ ನಿಲ್ಲಿಸಿದಳು. "ಏನು ನಾಳೆ?"

"ರೋಹನನ ಬೇಲು. ಮುಂಜಾನೆ ಅವರಪ್ಪ ವಕೀಲನ ಕರಕೊಂಡು ಬಂದು ಇಲ್ಲೇ ಚಾ ಕುಡಿದ್ರಿ. ನಾಳೆ ಮಗನೂ ಹೊರಗ ಬರತಾನ, ಇನ್ನೊಂದು ಸರ ಪಟಾಕಿ ತರ್ರಿ ಅಂತ ಫೋನಿನ್ಯಾಗ ಹೇಳಾಕತ್ತಿದ್ದ. ನಿಮಗ ಗೊತ್ತಿಲ್ಲೇನ್ರಿ?"

ಚಂದ್ರವ್ವ ಲೊಚಗುಟ್ಟಿದಳು. "ಸುಟ್ಟಾವಗ ಗೊತ್ತು. ಚಾದಾಕಿಗೆ ಗೊತ್ತು. ಪಟಾಕಿ ಅಂಗಡ್ಯಾವಗೂ ಗೊತ್ತು. ಸುಡಿಸಿಕೊಂಡಾಕಿಗೆ ಮಾತ್ರ ಗೊತ್ತಿಲ್ಲ!"

ಯಾರು ಮೊದಲು ನಕ್ಕರೋ ತಿಳಿಯದು. ಚಹಾ ಚೆಲ್ಲಿತು. ಕಾಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬಂತು, ಆ ನೀರು ನಿಲ್ಲದೆ ಅಳುವಾಯಿತು, ಅಳು ಮತ್ತೆ ನಗುವಾಯಿತು. ಸಿದ್ದಕ್ಕ ಅವಳ ಬೆನ್ನು ಸವರುತ್ತ, "ನಾಳೆ ಬರ್ರಿ. ನಡುವಿನ ಕೋರ್ಟಿನ್ಯಾಗ. ಒಬ್ಬರೇ ಬರಬ್ಯಾಡ್ರಿ" ಎಂದಳು.

ಮರುದಿನ ಮುಂಜಾನೆ ಖಾನಾಪುರದಿಂದ ಬೆಳಗಾವಿಗೆ ಹೊರಟ ರೈಲಿನ ಡಬ್ಬಿಯಲ್ಲಿ ಕೇರಿಯ ಹೆಂಗಸರೇ ತುಂಬಿದ್ದರು. ಭಟ್ಟಿಗೆ ಒಬ್ಬಳೂ ಹೋಗಿರಲಿಲ್ಲ. ಮೊದಮೊದಲು ಎಲ್ಲರಿಗೂ ಭಯವಿತ್ತು. ಆಮೇಲೆ ಚಂದ್ರವ್ವ ಖಾಲಿ ಬುಟ್ಟಿಯನ್ನು ತಲೆಗೆ ಬೋರಲು ಹಾಕಿಕೊಂಡು ಕಿಟಕಿಯ ಸೀಟಿನ ಮೇಲೆ ಚಕ್ಕಳಮಕ್ಕಳ ಕೂತಳು.

"ನಾ ಜಡ್ಜ್ ಸಾಹೇಬ! ಯಾರದಬೇ ಕೇಸು?"

"ನಂದ್ರಿ!" ಎಂದಳು ಕಾಡವ್ವ.

"ಸುಳ್ಳು ಹೇಳ್ತಿ? ಕೇಸು ಸರ್ಕಾರದ್ದು! ಕೈ ಸರ್ಕಾರದ್ದು! ನಿನ್ನ ಕುಪ್ಪಸಾ ಸೈತ ಸರ್ಕಾರದ್ದು, ಬಿಚ್ಚಿಟ್ಟು ಮನಿಗೆ ಹೋಗು!"

ಡಬ್ಬಿ ಅಲುಗಾಡುವಂತೆ ನಕ್ಕರು. ಮುದುಕಿಯೊಬ್ಬಳು ಬಾಳೆಹಣ್ಣು ಸುಲಿಯುವ ಸರ್ಕಾರಿ ವಕೀಲಳಾದಳು. ಟಿಕೀಟು ನೋಡಲು ಬಂದ ಸಾಹೇಬ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡುವುದೋ ಬೇಡವೋ ಎಂದು ಯೋಚಿಸಿ, ಮುಂದಿನ ಡಬ್ಬಿಗೆ ಹೋದ. ಬೆಳಗಾವಿ ಬರುವಷ್ಟರಲ್ಲಿ ಕಾಡವ್ವನಿಗೆ ಏನೋ ಅಮಲು ಏರಿದಂತಾಗಿತ್ತು.

ಕೋರ್ಟಿನ ಹಿಂದಿನ ಬೆಂಚುಗಳಲ್ಲಿ ಒತ್ತಿಕೊಂಡು ಕೂತರು. ಪೊಲೀಸು ಪೇದೆ ತುಟಿಯ ಮೇಲೆ ಬೆರಳಿಟ್ಟು ಹೆದರಿಸಿದ. ಮುಂದೆ ರೋಹನನ ವಕೀಲ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಒಂದೂ ತಿಳಿಯಲಿಲ್ಲ. ಅವನು ಮುಗಿಸಿದ ಮೇಲೆ ನ್ಯಾಯಾಧೀಶರು ಪ್ರಸಾದ ಸಾಹೇಬರತ್ತ ತಿರುಗಿ ಕನ್ನಡದಲ್ಲಿ ಕೇಳಿದರು.

"ಜಾತಿ ದೌರ್ಜನ್ಯದ ಇಂಥ ಕೇಸಿನಲ್ಲಿ ಆ ಹೆಣ್ಣುಮಗಳ ಮಾತು ಕೇಳದೆ ಬೇಲ್ ಕೊಡೋ ಹಾಗಿಲ್ಲ. ಆಕೆಗೆ ತಿಳಿಸಿದ್ದೀರಾ?"

"ತಿಳಿಸಿದ್ದೇವೆ ಸ್ವಾಮಿ. ಹೋದ ಸಲದಂತೆ ಈ ಸಲವೂ ಆಕೆ ಬಂದಿಲ್ಲ. ಆಕೆಗೆ ಆಸಕ್ತಿ ಇದ್ದಂತೆ ಕಾಣುವುದಿಲ್ಲ."

ಕಾಡವ್ವನ ಗಂಟಲಿನಿಂದ ನಗು ಸಿಡಿಯಿತು. ಸೆರಗು ಬಾಯಿಗೆ ತುರುಕಿಕೊಂಡಳು, ಅದು ಮೂಗಿನಿಂದ ಹೊರಟಿತು. ಚಂದ್ರವ್ವ ಶುರುಮಾಡಿದಳು. ಸಾಲು ಸಾಲು ಬೆಂಚುಗಳು ಕುಲುಕಿದವು.

"ಯಾರದು?" ನ್ಯಾಯಾಧೀಶರು ಮೇಜು ಕುಟ್ಟಿದರು. ಪೇದೆ ಓಡಿಬಂದ. ಅಷ್ಟರಲ್ಲಿ ಕಾಡವ್ವ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು.

"ನಾನ್ರೀ! ಬರದಾಕಿ! ಬಂದೀನ್ರೀ!"

ಕೈ ಎತ್ತಿದಳು. ಬೆರಳುಗಳು ಮುರುಟಿದ್ದವು, ಅಂಗೈ ಹೊಳೆಯುತ್ತಿತ್ತು. ನ್ಯಾಯಾಧೀಶರು ಅವಳನ್ನು ಮುಂದೆ ಕರೆದರು.

"ನಿನಗೆ ಯಾರು ತಿಳಿಸಿದರಮ್ಮ?"

"ಚಾದ ಸಿದ್ದಕ್ಕ ತಿಳಿಸ್ಯಾಳ್ರೀ. ಹೋದ ಸಲದ್ದು ಮಾಲಕ್ರೇ ತಿಳಿಸಿದ್ರೀ, ಜೀಪಿನ್ಯಾಗ ನಿಂತು. ಕುಂದಾನೂ ಒಗದ್ರು. ಈ ಸಾಹೇಬ್ರು ನಿನ್ನಿ ನನ್ನ ಕೂಡ ಮಾತಾಡ್ಯಾರ್ರಿ. ಮನ್ಯಾಗ ಬಿದ್ದಿರು ಅಂದ್ರು. ಇದೊಂದು ಮಾತ್ರ ಹೇಳಲಿಲ್ರೀ."

ಪ್ರಸಾದ ಸಾಹೇಬರು ಕಾಗದ ತಿರುವಿದರು. ತಿರುವಿದ ಕಾಗದವನ್ನೇ ಮತ್ತೆ ತಿರುವಿದರು. ನ್ಯಾಯಾಧೀಶರು ಹೋದ ಸಲದ ಆದೇಶ ತೆಗೆದು ನೋಡಿದರು.

"ಅಂದರೆ ಹೋದ ಸಲ ಅಪ್ಪನಿಗೆ ನಾನು ಕೊಟ್ಟ ಬೇಲು ನಿಮ್ಮ ಈ ಮಾತಿನ ಮೇಲೆಯೇ. ಅದನ್ನೂ ಮತ್ತೆ ನೋಡಬೇಕಾಗುತ್ತದೆ. ಇಬ್ಬರದನ್ನೂ ಹದಿನೇಳನೇ ತಾರೀಖಿಗೆ ಇಡಿ. ಮಗ ಅಲ್ಲಿಯತನಕ ಹಿಂಡಲಗಾದಲ್ಲೇ ಇರಲಿ. ಈಗ ಆಕೆಯ ಕಡೆ ತಿರುಗಿ, ತಾರೀಖು ತಿಳಿಸಿ. ನನ್ನ ಮುಂದೆಯೇ."

ಪ್ರಸಾದ ಸಾಹೇಬರು ಅರ್ಧ ತಿರುಗಿ ಇಂಗ್ಲಿಷಿನಲ್ಲಿ ಏನೋ ಗೊಣಗಿದರು.

"ಕನ್ನಡದಲ್ಲಿ" ಎಂದರು ನ್ಯಾಯಾಧೀಶರು.

"ಹದಿನೇಳನೇ ತಾರೀಖು."

"ಕೇಳಿಸಲಿಲ್ಲರೀ ಸಾಹೇಬ್ರ" ಎಂದಳು ಕಾಡವ್ವ.

"ಹದಿನೇಳನೇ ತಾರೀಖು, ಹನ್ನೊಂದು ಗಂಟೆಗೆ."

"ನಮಗೂ ಕೇಳಿಸಲಿಲ್ಲರೀ!" ಹಿಂದಿನ ಬೆಂಚುಗಳೆಲ್ಲ ಒಂದೇ ದನಿಯಲ್ಲಿ.

ಟೈಪು ಮಾಡುತ್ತಿದ್ದ ಹುಡುಗಿ ಮೇಜಿನ ಕೆಳಗೆ ಬಗ್ಗಿದಳು. ಅವಳ ಹೆಗಲು ಅಲುಗುತ್ತಿತ್ತು. ಸರ್ಕಾರಿ ವಕೀಲರು ಕತ್ತಿನ ನರ ಉಬ್ಬಿಸಿ ಕೂಗಿದರು. ಆ ಕೂಗು ಗೇಟಿನ ತನಕ ಹೋಯಿತೆಂದು ಸಿದ್ದಕ್ಕ ಆಮೇಲೆ ಹೇಳಿದಳು.

ತಿರುಗಿ ಬರುವ ರೈಲಿನಲ್ಲಿ ಅದೇ ಆಟ. ಒಬ್ಬಳು ಸರ್ಕಾರಿ ವಕೀಲಳಂತೆ ಕೂಗುವುದು, ಉಳಿದವರು ಕೇಳಿಸಲಿಲ್ಲರೀ ಎನ್ನುವುದು. ಮಾತಿಗೊಮ್ಮೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ದವಡೆ ನೋಯುತ್ತಿದೆ, ಸಾಕು ಬಿಡ್ರೇ ಎಂದು ಮುದುಕಿ ಕೈಮುಗಿದಳು.

ಖಾನಾಪುರ ಸ್ಟೇಷನ್ನಿಗೆ ರೈಲು ನಿಧಾನವಾಯಿತು. ವಕೀಲನಿಂದ ಸುದ್ದಿ ಆಗಲೇ ಮುಟ್ಟಿತ್ತು, ಪ್ಲಾಟ್‌ಫಾರ್ಮಿನ ಮೇಲೆ ಗಜಾನನ ನಿಂತಿದ್ದ. ಅವನ ಸುತ್ತ ಭಟ್ಟಿಯ ಗಂಡಾಳುಗಳು, ಕೈಯಲ್ಲಿ ಬಡಿಗೆ. ಡಬ್ಬಿಯೊಳಗೆ ನಗು ನಿಂತಿತು.

"ಮುಂದಿನ ಸ್ಟೇಷನ್ನಿಗೆ ಇಳಿಯೂಣು" ಎಂದಳು ಒಬ್ಬಳು ಮೆಲ್ಲಗೆ.

ಕಾಡವ್ವ ಎದ್ದು ಸೀರೆ ಎತ್ತಿ ನಡುವಿಗೆ ಸಿಕ್ಕಿಸಿದಳು. ಎಡಗೈಯಲ್ಲಿ ಬಾಗಿಲ ಸರಳು ಹಿಡಿದು ಅರ್ಧ ಹೊರಗೆ ಬಾಗಿದಳು. ಇಷ್ಟು ವರ್ಷ ಮಾಲಕ್ರ ಎಂದೇ ಕರೆದವನನ್ನು ಹೆಸರು ಹಿಡಿದು ಕೂಗಿದಳು.

"ಏ ಗಜಾನನಾ! ಹದಿನೇಳಕ್ಕ ಐತಿ, ಅಪ್ಪ ಮಗ ಇಬ್ಬರದೂ! ಕೇಳಿಸಿತೇನಲೇ?"

ಹಿಂದಿನಿಂದ ಚಂದ್ರವ್ವ ಪಕ್ಕನೆ ನಕ್ಕಳು. ಬಡಿಗೆ ಹಿಡಿದವರು ಮುಂದೆ ಬಂದರು. ರೈಲು ಇನ್ನೂ ಪೂರ್ತಿ ನಿಂತಿರಲಿಲ್ಲ, ಕಾಡವ್ವ ಇಳಿದೇಬಿಟ್ಟಳು.