ಬಣ್ಣ ಕಾಣದ ಮೆಟ್ಟಿಲು

ಟೈಲರಕ್ಕನ ಅಂಗಡಿ ಮಹಡಿ ಮೇಲೆ. ಗಿರಾಕಿಗಳು ಅಲ್ಲಿಗೆ ಹೋಗಬೇಕಾದರೆ ಹೊರಗೋಡೆಗೆ ಆನಿಸಿ ಕಟ್ಟಿದ ಮರದ ಮೆಟ್ಟಿಲನ್ನೇ ಹತ್ತಬೇಕು. ಒಳಗೊಂದು ದಾರಿ ಇಲ್ಲವೆಂದಲ್ಲ, ಆದರೆ ಅದು ಕೆಳಗಿನಜ್ಜಿಯ ಅಡುಗೆಮನೆ ಹಾದು ಹೋಗುತ್ತದೆ. ಮನೆ ಅಜ್ಜಿಯದು, ಕೊನೆಯ ಮಾತೂ ಅಜ್ಜಿಯದೇ.

"ನೀನೊಬ್ಬಳು ಓಡಾಡು ತಾಯಿ, ಬೇಡ ಅನ್ನಲ್ಲ. ನಿನ್ನ ಗಿರಾಕಿಗಳೆಲ್ಲ ನನ್ನ ಒಲೆ ಮುಂದೆ ಮೆರವಣಿಗೆ ಹೊರಟರೆ ನಾನು ಅಡುಗೆಗೆ ಉಪ್ಪು ಹಾಕಲೋ, ಅವರ ಸೊಂಟದ ಅಳತೆ ಕೇಳಿಸಿಕೊಳ್ಳಲೋ?"

ಮೆಟ್ಟಿಲು ಮಾಡಿಕೊಟ್ಟವನು ಅಕ್ಕನ ಒಡಹುಟ್ಟಿದ ತಮ್ಮ, ಬಡಗಿ. ತಾನೇ ಮರ ಆರಿಸಿ, ತಾನೇ ನುಣುಪಾಗಿ ಉಜ್ಜಿ, ಒಂದು ಮೊಳೆಯೂ ಕಾಣದ ಹಾಗೆ ಕೂಡಿಸಿದ್ದ. ಬಣ್ಣ ಮಾತ್ರ ಬಳಿಯಲಿಲ್ಲ. "ಮರದ ಗೆರೆ ನೋಡಕ್ಕಾ, ನೀರು ಹರಿದ ಹಾಗಿದೆ. ಇದಕ್ಕೆ ಬಣ್ಣ ಬಳಿಯೋದೂ ಒಂದೇ, ನನ್ನ ಮುಖಕ್ಕೆ ಮಸಿ ಬಳಿಯೋದೂ ಒಂದೇ." ವರ್ಷಕ್ಕೊಮ್ಮೆ ಬಂದು ಎಣ್ಣೆ ಸವರಿ ಹೋಗುತ್ತಿದ್ದ. ಹೊಸದಾಗಿ ಕೆಲಸ ಕೊಡಲು ಬಂದವರನ್ನು ಮೊದಲು ಕರೆತಂದು ನಿಲ್ಲಿಸುತ್ತಿದ್ದದ್ದೂ ಈ ಮೆಟ್ಟಿಲ ಮುಂದೆಯೇ.

ದುಂಬಿ ಬಂದದ್ದು ಬಿಸಿಲು ಏರತೊಡಗಿದಾಗ. ಹೆಬ್ಬೆರಳ ತುದಿಯಷ್ಟು ದಪ್ಪ, ಕರ್ರಗೆ ಮಿರಿಮಿರಿ. ಮೆಟ್ಟಿಲ ಹಲಗೆಯ ಅಡಿಗೆ ಅಂಟಿಕೊಂಡು ತೂತು ಕೊರೆಯಿತು. ಬೈರಿಗೆ ಹಾಕಿದರೂ ಅಷ್ಟು ದುಂಡಗೆ ಬರುವುದಿಲ್ಲ.

"ಒಂದು ದುಂಬಿ ತಾನೇ? ಬಾಡಿಗೆಗೆ ಇಟ್ಟುಕೋ," ಎಂದು ಅಜ್ಜಿ ನಕ್ಕಳು.

ಒಂದು ಹೋಗಿ ಐದಾರು ಆದವು. ಗಿರಾಕಿಯೊಬ್ಬರು ಹೊಸ ಅಂಗಿ ತೊಟ್ಟುಕೊಂಡೇ ಇಳಿದು ಮೆಟ್ಟಿಲ ಕೆಳಗೆ ಹಾದು ಹೋಗುವಾಗ ಭುಜದ ಮೇಲೆ ಮರದ ಪುಡಿ ಉದುರಿತು. ಅಕ್ಕನಿಗೆ ರೇಗಿತು. ಬಟ್ಟೆಗೆ ಗುರುತು ಹಾಕಿ ಸವೆದ ಸಾಬೂನಿನ ಚೂರುಗಳು ಡಬ್ಬಿ ತುಂಬ ಇದ್ದವು. ನೆನೆಸಿ ಮೆತ್ತಗೆ ಮಾಡಿ ಕಂಡ ತೂತಿಗೆಲ್ಲ ತುರುಕಿದಳು. ಒಳಗಿದ್ದವು ಒಳಗೇ ಸಾಯಲಿ ಎಂದು. ಅವು ಸಾಯಲಿಲ್ಲ, ಪಕ್ಕದಲ್ಲೇ ಇನ್ನೊಂದು ಬಾಗಿಲು ಕೊರೆದುಕೊಂಡು ಹೊರಬಂದವು.

ಬಣ್ಣದಂಗಡಿಯವನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಜನ ಒಳಗಿರುವಾಗ ಹೊರಗಿಂದ ಚಿಲಕ ಹಾಕಿದ್ರೆ ಅವರು ಗೋಡೆ ಒಡೀದೆ ಇರ್ತಾರಾ? ಮರಿ ಎದ್ದು ಹೋಗೋವರೆಗೂ ಬಿಡಿ. ಆಮೇಲೆ ತೂತು ಮುಚ್ಚಿ, ಇಡೀ ಮೆಟ್ಟಿಲಿಗೆ ಎರಡು ಕೋಟು ಬಣ್ಣ ಹೊಡೀರಿ. ಬರೀ ಎಣ್ಣೆ ಸವರಿದ ಮರ ಅಂದ್ರೆ ಅವಕ್ಕೆ ಹಾಸಿಗೆ ಹಾಸಿ ಕರೆದ ಹಾಗೆ."

ಬಣ್ಣ! ಅಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ. ತಮ್ಮನಿಗೆ ಹೇಳುವುದು ಹೇಗೆ? ಅಮ್ಮ ಹೋದಾಗಿನಿಂದ ಅವನಿಗೆ ಎದುರಾಡಿದವಳಲ್ಲ. ಕಡೆಗೆ ಹೊಲಿಗೆಯವಳ ಬುದ್ಧಿ ಓಡಿಸಿದಳು. ಹರಿದ ಕಡೆ ಒಳಗಿನಿಂದ ತೇಪೆ ಹಾಕಿದರೆ ಹೊರಗೆ ಕಾಣುವುದಿಲ್ಲವಲ್ಲ! ಮರಿಗಳು ಹಾರಿಹೋಗುವ ತನಕ ಕಾದು, ತೂತು ಮುಚ್ಚಿ, ಹಲಗೆಗಳ ಅಡಿಭಾಗಕ್ಕೆ ಮಾತ್ರ ಬಣ್ಣ ಬಳಿದಳು. ಬೀದಿಯಲ್ಲಿ ನಿಂತು ನೋಡಿದಳು. ಒಂದಿಷ್ಟೂ ಕಾಣಲಿಲ್ಲ. ತಮ್ಮ ಬಂದ, ಎಣ್ಣೆ ಸವರಿದ, ಹೋದ.

ಮತ್ತೆ ಬಿಸಿಲು ಏರಿತು. ದುಂಬಿಗಳು ಬಂದವು. ಬಣ್ಣದ ಹಲಗೆ ಮೂಸಿಯೂ ನೋಡಲಿಲ್ಲ. ನೇರ ಹೋದದ್ದು ಎರಡು ಪಕ್ಕದ ತೊಲೆಗಳಿಗೆ. ಇಡೀ ಮೆಟ್ಟಿಲ ಭಾರ ಹೊತ್ತಿದ್ದೇ ಆ ತೊಲೆಗಳು. ಹಿತ್ತಲಲ್ಲಿದ್ದ ಆನೆಯನ್ನು ಓಡಿಸಿ ನಡುಮನೆಗೆ ತಂದ ಹಾಗಾಯಿತು. ತೊಲೆಯೊಳಗಿನ ದುಂಬಿಯ ಮರಿಹುಳು ತಿನ್ನಲು ಮರಕುಟಿಗ ಬಂತು. ತೊಲೆಯನ್ನು ಉದ್ದಕ್ಕೂ ಸಿಗಿದು ಹಾಕಿತು.

"ಕಳ್ಳ ಬಂದ, ಕಳ್ಳನ್ನ ಹಿಡಿಯೋಕೆ ಪೊಲೀಸು ಬಂದ, ಉಳಿದದ್ದನ್ನ ಪೊಲೀಸೇ ಹೊತ್ಕೊಂಡು ಹೋದ," ಎಂದಳು ಅಜ್ಜಿ. ಈ ಸಲ ನಗಲಿಲ್ಲ.

ಒಂದು ಬೆಳಿಗ್ಗೆ ಶಾಲೆಯ ಟೀಚರಮ್ಮ ಹತ್ತುವಾಗ ಮೆಟ್ಟಿಲು ಕಿರ್ರೆಂದು ಒಂದು ಕಡೆಗೆ ವಾಲಿತು. ಬೀಳಲಿಲ್ಲ, ಪುಣ್ಯ. ಅಜ್ಜಿ ತಾನೇ ಬಡಗಿಗೆ ಹೇಳಿ ಕಳಿಸಿದಳು.

ತಮ್ಮ ಬಂದು ತೊಲೆಗೆ ಉಳಿ ಒತ್ತಿದ. ಬೆಣ್ಣೆಗೆ ಹೋದಂತೆ ಹಿಡಿಯವರೆಗೂ ಹೋಯಿತು. ಮೇಲಿನಿಂದ ಒಂದೊಂದೇ ಹಲಗೆ ಬಿಚ್ಚುತ್ತ ಇಳಿಯತೊಡಗಿದ. ಅಕ್ಕ ಮೇಲೆ ಬಾಗಿಲಲ್ಲಿ ನಿಂತಿದ್ದಳು. ದುಂಬಿಯೊಂದು ಅವನ ಕಿವಿಯ ಸುತ್ತ ಗುಂಯ್ ಅನ್ನುತ್ತಲೇ ಇತ್ತು. ಮೂರನೆಯ ಹಲಗೆ ತಿರುಗಿಸಿದವನು ಹಾಗೇ ನಿಂತ.

"ಇದ್ಯಾರು ಬಳಿದದ್ದು?"

"ನಾನೇ ಕಣೋ."

"ಅಡಿಭಾಗಕ್ಕೆ ಮಾತ್ರ ಯಾಕೆ?"

"ನಿನ್ನ ಕಣ್ಣಿಗೆ ಬೀಳಬಾರದು ಅಂತ."

ಅವನು ಹಲಗೆಯನ್ನು ಬೆರಳಲ್ಲಿ ಕುಟ್ಟಿದ. ಗಟ್ಟಿಯಾಗಿತ್ತು. ಉಳಿದವನ್ನೂ ಕುಟ್ಟಿದ. ಎಲ್ಲ ಗಟ್ಟಿ.

"ನನಗೆ ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ಏನಂತಿದ್ದೆ?"

"ಬಣ್ಣ ಬೇಡ ಅಂತಲೇ ಅಂತಿದ್ದೆ."

ಅಷ್ಟರಲ್ಲಿ ಕೆಳಗೆ ಹೆಂಗಸೊಬ್ಬಳು ಬಟ್ಟೆಯ ಗಂಟು ಹಿಡಿದು ಬಂದಳು. "ಟೈಲರಕ್ಕಾ, ಹತ್ತೋದು ಎಲ್ಲಿಂದ?"

ಅಕ್ಕ ತಿರುಗಿ ಒಳಗಿನ ದಾರಿಯಲ್ಲಿ ಕೆಳಗೆ ಓಡಿದಳು. ಅಡುಗೆಮನೆಯ ಬಾಗಿಲು ಆ ಕಡೆಯಿಂದ ಭದ್ರ. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಬಡಿದಳು, ಕೂಗಿದಳು, ಮತ್ತೆ ಮೇಲಿನ ಬಾಗಿಲಿಗೆ ಬಂದಳು. "ಒಂದು ನಿಮಿಷ ಇರಮ್ಮಾ, ಬಂದೆ!"

"ಪರವಾಗಿಲ್ಲ ಬಿಡಿ ಅಕ್ಕಾ, ಅವಸರ ಇತ್ತು. ಮೂಲೆ ಅಂಗಡೀಲಿ ಕೊಡ್ತೀನಿ."

ಅವಳು ಹೋದಳು. ಅಕ್ಕ ಅವಳ ಬೆನ್ನು ಮರೆಯಾಗುವ ತನಕ ನೋಡಿದಳು. ಕೊರಳಲ್ಲಿ ಅಳತೆಯ ಟೇಪು, ಕಾಲ ಬುಡದಲ್ಲಿ ಬರೀ ಗಾಳಿ.

"ಹೊಸದು ಯಾವಾಗ ಮಾಡ್ತೀಯೋ?"

"ಒಳ್ಳೆ ಮರ ಸಿಗಲಿ."

"ಬಣ್ಣ ಬಳೀತೀಯಾ?"

ತಮ್ಮ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದ, ಬಣ್ಣದ ಬದಿ ಕೆಳಗೆ ಮಾಡಿ.

"ನೋಡೋಣ," ಅಂದ.