ತೊಳೆದ ಕೈ

"ಏನವಾ ಇದು, ಕೈಯೋ ಸುಲಿದ ಉಳ್ಳಾಗಡ್ಡಿಯೋ? ಒತ್ತು ಅಂದ್ರ ಒತ್ತಬೇಕು. ಮಷಿನ್ ಏನ್ ನಿನ್ನ ಮನೀ ಬೆಕ್ಕೇನು, ಮೈ ಸವರಲಿಕ್ಕೆ?"

ಸ್ರವಂತಿ ಉಸಿರು ಬಿಗಿಹಿಡಿದು ಹೆಬ್ಬೆರಳನ್ನು ಮತ್ತೆ ಬೆರಳಚ್ಚಿನ ಮಷಿನ್ನಿನ ಗಾಜಿನ ಮೇಲೆ ಒತ್ತಿದಳು. ಮತ್ತೆ ಕೆಂಪು ದೀಪ. ಸಾಲಿನಲ್ಲಿ ಹಿಂದೆ ನಿಂತಿದ್ದವರು ಯಾರೋ "ಎಂತಸೇಪಮ್ಮಾ, ಜಲ್ದಿ ಕಾನಿಯ್" ಎಂದು ತೆಲುಗಿನಲ್ಲಿ, ಎಷ್ಟು ಹೊತ್ತು, ಬೇಗ ಮುಗಿಸು ಎಂದು ಗೊಣಗಿದರು. ಬ್ಯಾಂಕಿನ ಮ್ಯಾನೇಜರ್ ವ್ಯಾಸರಾಜ ಅಕ್ಷತೆಯಿಟ್ಟ ಹಣೆ ಗಂಟಿಕ್ಕಿಕೊಂಡು ಹತ್ತಿಗೆ ಔಷಧಿ ಸುರಿದು, ಅವಳ ಬೆರಳು ತಾಗಿದ ಗಾಜನ್ನು ಉಜ್ಜಿ ಉಜ್ಜಿ ಒರೆಸಿದ. ಆಮೇಲೆ ಅವಳನ್ನು ಪಕ್ಕಕ್ಕೆ ಸರಿಸಿ ಹಿಂದಿನವನನ್ನು ಕರೆದ. ಅವನು ಬೆರಳಿಟ್ಟು ಹೋದ ಮೇಲೆ ಗಾಜು ಒರೆಸಲಿಲ್ಲ.

"ನೀ ಹದಿನೈದು ದಿನ ಬಿಟ್ಟು ಬಾ. ಚರ್ಮ ಬರಲಿ."

"ಇವತ್ತ ಸಂಜಿ ಒಳಗ ಅಕೌಂಟ್ ನಂಬರ್ ಕಳಸಬೇಕ್ರಿ ಸರ. ಇಲ್ಲಂದ್ರ ನನ್ನ ಸೀಟು ನಾರ್ವ ಊರಿನ ಹುಡುಗಿಗೆ ಹೋಗ್ತೈತಿ."

ಸೀಟು ಅಂದರೆ ಜೋರ್ಡಾನ್ ದೇಶದ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಪಗಾರ ಬೀಳುವುದು ಕೆಲಸಗಾರಳ ಅಕೌಂಟಿಗೇ, ನಂಬರ್ ಬಾರದೆ ಟಿಕೆಟ್ ತೆಗೆಸುವುದಿಲ್ಲ ಎಂದು ಮಕ್ತಲಿನ ಏಜೆಂಟ ಕಡ್ಡಿ ಮುರಿದಂತೆ ಹೇಳಿದ್ದ. ಇಂಟರ್ ಕಾಲೇಜು ಮುಗಿಸಿದ ದಿನದಿಂದ ಅವ್ವ ಅನಂತಮ್ಮನ ಜೊತೆ ನರೇಂದರ್ ಸೇಟಿನ ಬಣ್ಣದ ಭಟ್ಟಿಯಲ್ಲಿ ದುಡಿದದ್ದೆಲ್ಲ ಅವ್ವನ ಕೂಲಿಯಲ್ಲೇ ಕರಗಿಹೋಗಿತ್ತು. ತನ್ನ ಹೆಸರಿಗೆ ಅಂತ ಸಿಕ್ಕ ಮೊದಲ ನೌಕರಿ ಇದೇ.

ಗದ್ವಾಲದ ಕೋಟೆಯ ಹಿಂದಿನ ಆ ಭಟ್ಟಿಯಲ್ಲಿ ಹೆಂಗಸರ ಕೈಗೆ ಎಂದೂ ಮೈಬಣ್ಣ ಇರುವುದಿಲ್ಲ. ಕುದಿಯುವ ಹಂಡೆಯಲ್ಲಿ ರೇಶ್ಮೆ ನೂಲಿನ ಲಡಿಗಳನ್ನು ಕೋಲಿನಿಂದ ತಿರುವುತ್ತಲೇ ಇರಬೇಕು. ಬಿಟ್ಟರೆ ಬಣ್ಣ ಸಮನಾಗಿ ಹತ್ತದೆ ರೇಶ್ಮೆ ತೊನ್ನು ಹಿಡಿದಂತಾಗುತ್ತದೆ. ಮದುವೆಯ ದಿನಗಳಲ್ಲಂತೂ ಮೊಣಕೈವರೆಗೂ ಕೆಂಪು. ಹೋದ ಸೋಮವಾರ ಸ್ರವಂತಿ ಅದೇ ಕೈಯಲ್ಲಿ ಬ್ಯಾಂಕಿಗೆ ಬಂದಾಗ, "ಛೀ, ಆ ರಕ್ತದ ಕೈ ತಗೊಂಡು ನನ್ನ ಮಷಿನ್ ಮುಟ್ಟಬ್ಯಾಡ, ತೊಳಕೊಂಡು ಬಾ" ಎಂದು ಅಟ್ಟಿದವನು ಇವನೇ.

ತೊಳೆದುಕೊಂಡು ಬಂದಿದ್ದಳು. ಸಾಬೂನಿಗೆ ಬಗ್ಗುವ ಬಣ್ಣವೇ ಅದು? ಲಡಿಗೆ ತಪ್ಪು ಬಣ್ಣ ಏರಿದರೆ ಇಳಿಸಲು ಹಾಕುವ ಹೈಡ್ರೋ ಪುಡಿಯನ್ನು ಬಿಸಿನೀರಿಗೆ ಸುರಿದು, ಸೋಡಾ ಬೆರೆಸಿ, ಕೈ ಅದ್ದಿ ಕೂತಿದ್ದಳು. ಕೇರಿಯ ಹುಡುಗಿಯರು ಮದುವೆಗೆ ಗೋರಂಟಿ ಹಚ್ಚುವ ಮೊದಲು ಮಾಡುವುದೂ ಹೀಗೇ. ಉರಿಗೆ ಕಣ್ಣಲ್ಲಿ ನೀರು ಬಂದರೂ ಕೈ ಬೆಳ್ಳಗಾದದ್ದು ಕಂಡು ಅವಳಿಗೆ ಖುಷಿಯೇ ಆಗಿತ್ತು. ಬಣ್ಣದ ಜೊತೆ ಬೆರಳಿನ ಗೆರೆಗಳೂ ಹೋಗಿದ್ದವು.

"ತೊಳಕೊಂಡು ಬಾ ಅಂದವ್ರು ನೀವ ಅಲ್ರೀ ಸರ?"

"ತೊಳಿ ಅಂದ್ನಿ. ಸುಲಕೋ ಅಂದ್ನೇನು?"

"ಕಾಗದದ ಮ್ಯಾಲೆ ಬರಕೊಳ್ರಿ. ಆಧಾರ್ ಐತಿ, ಪಾಸ್‌ಪೋರ್ಟ್ ಐತಿ, ಫೋಟೊ ಐತಿ. ಸೈನ್ ಮಾಡಾಕ ಬರ್ತೈತಿ ನನಗ."

"ಬ್ಯಾಂಕಿನ ಕಾನೂನು ನನಗ ಕಲಸ್ತಿ? ಮಷಿನ್ ಒಪ್ಪಬೇಕು, ಮುಗೀತು. ಕಾಗದ ಬರಿಯೋ ಕಾಲ ಹೋತು."

ಹಾಗೆಂದವನೇ ಫೋನ್ ಎತ್ತಿಕೊಂಡು ಒಳಕೋಣೆಗೆ ಹೋದ. ಸ್ವಲ್ಪ ಹೊತ್ತಿಗೆ ನರೇಂದರ್ ಸೇಟು ಬಂದ. ಮ್ಯಾನೇಜರ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಚಹಾ ತರಿಸಿದ. ಸ್ರವಂತಿ ನಿಂತೇ ಇದ್ದಳು.

"ಶ್ರೀವಲ್ಲಿ ಸೀರೀದು ಲಡಿ ಇವತ್ತ ಹಂಡೇಕ ಬಿದ್ದಾವ್ರೀ ಸರ," ಎಂದ ಸೇಟು. ಶ್ರೀವಲ್ಲಿ ಮ್ಯಾನೇಜರನ ಮಗಳು. ಅವಳ ಮದುವೆಯ ಸೀರೆಗಳೆಲ್ಲ ಇವನ ಮಗ್ಗದಲ್ಲೇ. "ಅನಂತಮ್ಮನ್ನ ನಿಂದ್ರಿಸಿ ಬಂದೀನಿ. ಬಣ್ಣ ನೋಡ್ರಿ ಆಮ್ಯಾಲೆ, ಕುಂಕುಮ ಕುಂಕುಮ ಇರ್ತೈತಿ." ಆಮೇಲೆ ಇವಳ ಕಡೆ ತಿರುಗಿದ. "ಏನಬೇ, ನನಗ ಮೊದ್ಲ ಹೇಳಬಾರದ? ಸರ, ಹುಡುಗಿ ನಮ್ದ. ನನ್ನ ಹೆಸರು ಜೋಡಿ ಹಾಕ್ರಿ, ನನ್ನ ಫೋನ್ ನಂಬರ್ ಬರೀರಿ, ಕಾರ್ಡು ನಮ್ಮ ಮನಿಗೇ ಬರ್ಲಿ. ಪರದೇಶಕ ಹೋಗಾಕಿ ಅದನ್ನೇನ್ ಉಪ್ಪಿನಕಾಯಿ ಹಾಕ್ತಾಳ?"

ವ್ಯಾಸರಾಜ ಮೇಜಿನ ಡ್ರಾ ಎಳೆದು ಅಚ್ಚುಹಾಕಿದ ಅರ್ಜಿಯೊಂದನ್ನು ತೆಗೆದು, ಅವಳ ಹೆಸರಿನ ಜೊತೆ ಸೇಟಿನ ಹೆಸರು, ಫೋನ್ ನಂಬರ್ ಬರೆದ. "ಸೇಟು ಜವಾಬ್ದಾರಿ ತಗೊಂಡ್ರ ಕಾಗದದ ಮ್ಯಾಲೇ ಆಗ್ತದ. ಇಲ್ಲಿ ಸೈನ್ ಮಾಡು."

ಭಟ್ಟಿಯ ಹೆಂಗಸರ ಕಾರ್ಡುಗಳೆಲ್ಲ ಸೇಟಿನ ಕಬ್ಬಿಣದ ಬೀರುವಿನಲ್ಲಿದ್ದವು. ಅಕೌಂಟು ಅವರದು, ಫೋನ್ ನಂಬರ್ ಅವನದು, ದುಡ್ಡು ತೆಗೆಯುವವನೂ ಅವನೇ. ಅನಂತಮ್ಮ ತನ್ನ ಕಾರ್ಡನ್ನು ಕಂಡದ್ದು ಅದು ಅಂಚೆಯಲ್ಲಿ ಬಂದ ದಿನ ಮಾತ್ರ. ಈ ಬೀರುವಿನಿಂದ ತಪ್ಪಿಸಿಕೊಳ್ಳಲೆಂದೇ ಸ್ರವಂತಿ ಸಮುದ್ರ ದಾಟಲು ಹೊರಟಿದ್ದು. ಬೀರು ಅವಳ ಹಿಂದೆಯೇ ಬಂದಿತ್ತು.

"ಈಗ ಕಾಗದ ಎಲ್ಲಿಂದ ಬಂತ್ರೀ ಸರ?"

ಅವಳು ಪೆನ್ನು ತೆಗೆದುಕೊಂಡು ಸೇಟಿನ ಹೆಸರಿನ ಮೇಲೆ ಗೀಟು ಎಳೆದಳು. ಅವನ ನಂಬರಿನ ಮೇಲೂ ಎಳೆದಳು. ಕೆಳಗೆ ತನ್ನ ಸಹಿ ಹಾಕಿದಳು.

"ಹಲ್ಕಟ್ ರಂಡೆ!" ಸೇಟಿನ ಕೈಯ ಚಹಾ ತುಳುಕಿತು. "ನನ್ನ ಅನ್ನ ತಿಂದು ನನ್ನ ಹೆಸರು ಹೊಡೀತಿ? ನಾಳಿಂದ ನಿಮ್ಮವ್ವ ಭಟ್ಟಿ ಕಡೆ ಕಾಲಿಡಲಿ, ಮುರೀತೀನಿ!"

ವ್ಯಾಸರಾಜ ಅರ್ಜಿಯನ್ನು ಹರಿದು ಬುಟ್ಟಿಗೆ ಹಾಕಿ ಕಾವಲುಗಾರನನ್ನು ಕೂಗಿದ. "ತಾಯಪ್ಪಾ, ಈಕೀನ್ನ ಹೊರಗ ಹಾಕು. ಟೈಮ್ ಆತು, ಶಟರ್ ಇಳಿಸು."

ಹೊರಗೆ ಬಂದು ಸ್ರವಂತಿ ಅವ್ವನಿಗೆ ಫೋನ್ ಮಾಡಿದಳು. ನಡೆದದ್ದೆಲ್ಲ ಹೇಳಿದಳು. ಆ ಕಡೆ ಹಂಡೆ ಕುದಿಯುವ ಸದ್ದೊಂದೇ ಕೇಳುತ್ತಿತ್ತು. "ಅವ್ವಾ, ನಿನ್ನ ಕೂಲಿಗೂ ಕಲ್ಲು ಹಾಕಿದ್ನಿ," ಎಂದಳು. ಅನಂತಮ್ಮ ಥಟ್ಟನೆ ಫೋನ್ ಇಟ್ಟಳು. ಅವ್ವ ಸಿಟ್ಟಾದಳು ಎಂದುಕೊಂಡು ಸ್ರವಂತಿಗೆ ಭಯವಾಯಿತು, ನಿಜವಾದ ಭಯ. ಆದರೂ ಅವಳ ಕಾಲು ಮನೆಯ ಕಡೆ ಏಳಲಿಲ್ಲ. ತಿರುಗಿ ಬಂದು ಬ್ಯಾಂಕಿನ ಹೊಸ್ತಿಲ ಮೇಲೆ, ಶಟರ್ ಬಂದು ಕೂರುವ ಜಾಗದಲ್ಲೇ ಕೂತುಬಿಟ್ಟಳು.

ಕಾವಲುಗಾರ ತಾಯಪ್ಪ ಅವಳ ಕೇರಿಯವನೇ, ವರಸೆಯಲ್ಲಿ ಮಾವ. ಎಳೆದ ಶಟರನ್ನು ಅವಳ ತಲೆಯ ಮೇಲೆ ತಡೆದು ನಿಂತ.

"ಏಳವಾ ತಾಯೀ. ನನ್ನ ನೌಕರಿ ಹೋಗ್ತೈತಿ."

"ಬಿಡು ಮಾವಾ. ಬಿದ್ರ ನನ್ನ ತಲೀ ಮ್ಯಾಲೆ ಬೀಳಲಿ."

"ಏಯ್ ತಾಯಪ್ಪಾ, ಏನು ನೋಡ್ತಿ, ಎಳಿ!" ಒಳಗಿನಿಂದ ಮ್ಯಾನೇಜರ್ ಕೂಗಿದ. ಸೇಟು ಬಂದು ಅವಳ ರಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ರಸ್ತೆಯ ಜನ ಸರಿದು ದಾರಿ ಬಿಟ್ಟರು. ಅನಂತಮ್ಮ ಬರುತ್ತಿದ್ದಳು, ಬರಿಗಾಲಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮೊಣಕೈವರೆಗೆ ಕೆಂಪು ಇನ್ನೂ ಹಸಿಯಾಗಿತ್ತು, ತುದಿಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ಯಾರನ್ನೂ ನೋಡದೆ ಮಗಳ ಪಕ್ಕದಲ್ಲಿ ಕೂತು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

ಸೇಟಿನ ಕೈ ತಾನಾಗಿ ಬಿಟ್ಟಿತು. "ಭಟ್ಟಿ ಕಡೆ ಯಾರದಾರ?"

"ಯಾರೂ ಇಲ್ಲ."

"ಲಡಿ?"

"ಹಂಡೇದಾಗ ಅದಾವ."

"ಬೆಂಕಿ ಆರಿಸಿದಿಲ್ಲೊ?"

"ಉರೀತೈತಿ. ಇನ್ನೊಂದೀಟು ಕಟಗಿ ಹಾಕೇ ಬಂದೀನಿ."

ಸೇಟು ಒಮ್ಮೆ ಕೋಟೆಯ ಕಡೆ ನೋಡಿದ, ಒಮ್ಮೆ ಬ್ಯಾಂಕಿನ ಕಡೆ ನೋಡಿದ. "ಓಡು, ಭಾಡ್ಕೋ, ಹೋಗಿ ತಿರುವು!" ಎಂದು ಕಿರುಚಿದ. ಅನಂತಮ್ಮ ಕೂತಲ್ಲಿಂದ ಅಲುಗಲಿಲ್ಲ.

ವ್ಯಾಸರಾಜ ಕುರ್ಚಿ ಬಿಟ್ಟು ಬಾಗಿಲವರೆಗೆ ಬಂದ. "ಯಾವ ಲಡಿ, ಸೇಟ್?"

ಅನಂತಮ್ಮನೇ ಹೇಳಿದಳು: "ನಿಮ್ಮ ಶ್ರೀವಲ್ಲಮ್ಮಾರ ಧಾರೀ ಸೀರೀವು, ಸರ."

ಮ್ಯಾನೇಜರನ ಮುಖ ಸುಣ್ಣ ಬಳಿದಂತಾಯಿತು. "ತಾಯಪ್ಪಾ, ಇಳಿಸೋ ಶಟರ್!" ಎಂದು ಅರಚಿದ. ತಾಯಪ್ಪ ಎರಡೂ ಕೈಯಿಂದ ಶಟರನ್ನು ಎತ್ತಿ ಹಿಡಿದೇ ನಿಂತಿದ್ದ.

"ಇನ್ನೊಂದು ಕಾಗದ ತಗೀರಿ, ಸರ. ಅದಾದ ಮ್ಯಾಲೆ ಅವ್ವ ಏಳ್ತಾಳ," ಎಂದಳು ಸ್ರವಂತಿ, ಅವ್ವನ ಹಿಡಿತ ಬಿಡಿಸಿಕೊಂಡು ಕೈಯನ್ನು ಅವನ ಮುಂದೆ ಚಾಚಿ. ಬೆಳ್ಳಗೆ ಸುಲಿದ ಆ ಕೈಯ ಮೇಲೆ ಅವ್ವನ ಐದು ಬೆರಳೂ ಕೆಂಪಗೆ ಎದ್ದು ಕಾಣುತ್ತಿದ್ದವು.